ಬೀಥೋವನ್ನನ ಒಂದನೆಯ ಕೃತಿ

ಗುರುವಾದವನು ಶಿಷ್ಯನ ಕೃತಿಯನ್ನು ಕೇಳಿ, "ಇದನ್ನು ಅಚ್ಚು ಹಾಕಿಸಬೇಡ" ಎಂದು ಹೇಳಿದನು. ಶಿಷ್ಯನು ಆ ಮಾತನ್ನು ಅಸೂಯೆಯೆಂದು ತಿಳಿದನು. ಗುರುವು ಆ ಕಾಲದ ಯೂರೋಪಿನಲ್ಲಿ ಸರ್ವಮಾನ್ಯನಾಗಿದ್ದ ಸಂಗೀತಗಾರ, ಯೋಸೆಫ್ ಹೈಡನ್. ಶಿಷ್ಯನು ಇಪ್ಪತ್ತನಾಲ್ಕು ವರ್ಷದ ತರುಣ, ಲುಡ್‌ವಿಗ್ ಫಾನ್ ಬೀಥೋವನ್. ಕೃತಿಯು ಪಿಯಾನೋ, ಪಿಟೀಲು, ಚೆಲ್ಲೋ ಈ ಮೂರು ವಾದ್ಯಗಳಿಗಾಗಿ ರಚಿತವಾದ ಒಂದು ಮೇಳ. 1795ರಲ್ಲಿ ವಿಯೆನ್ನಾ ನಗರದಲ್ಲಿ ಪ್ರಕಟವಾದ ಮೂರು ಮೇಳಗಳಲ್ಲಿ ಇದು ಮೂರನೆಯದು. ಬೀಥೋವನ್ನನು ತನ್ನ ಕೃತಿಗಳಿಗೆ ಸಂಖ್ಯೆ ಕೊಡಲು ತೊಡಗಿದಾಗ ಈ ಮೂರನ್ನು ಒಟ್ಟಿಗೆ "ಒಂದನೆಯ ಕೃತಿ" ಎಂದು ಕರೆದನು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಎರಡು ಪಕ್ಷವಾಗುತ್ತಾರೆ. ಮುದುಕನಿಗೆ ಹೊಸದು ಹಿಡಿಸಲಿಲ್ಲ ಎನ್ನುವವರು ಕೆಲವರು. ತರುಣನಿಗೆ ಗರ್ವ ತಲೆಗೇರಿತ್ತು ಎನ್ನುವವರು ಕೆಲವರು. ಪಾಠ ಹೇಳುವ ಕಸುಬಿನವರಿಗಂತೂ ಈ ಕಥೆ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯತಕ್ಕದ್ದು. ಆದರೆ ತೀರ್ಪು ಕೊಡುವುದಕ್ಕೆ ಮೊದಲು ನಡೆದದ್ದೇನು, ಆ ಕೃತಿಯಲ್ಲಿ ಇರುವುದೇನು ಎಂಬುದನ್ನು ವಿಚಾರಿಸುವುದು ನ್ಯಾಯ. ಈ ಭಾಷಣದಲ್ಲಿ ಆ ವಿಚಾರಣೆಯನ್ನೇ ಮಾಡಬೇಕೆಂದಿದ್ದೇನೆ.

ಮೊದಲು ಆ ಸಂಗೀತದ ಜಾತಿಯನ್ನು ಕುರಿತು ಎರಡು ಮಾತು. ಪಾಶ್ಚಾತ್ಯರಲ್ಲಿ ಇಗರ್ಜಿಯ ಸಂಗೀತ, ನಾಟಕಶಾಲೆಯ ಸಂಗೀತ ಇವುಗಳಲ್ಲದೆ ಚೇಂಬರ್ ಸಂಗೀತವೆಂಬ ಮೂರನೆಯ ಬಗೆಯೊಂದು ಉಂಟು. ಹೆಸರೇ ಹೇಳುವಂತೆ ಅದು ಮನೆಯ ಕೊಠಡಿಯಲ್ಲಿ ನಡೆಯತಕ್ಕದ್ದು. ಇಬ್ಬರು, ಮೂವರು, ನಾಲ್ವರು, ಹೆಚ್ಚೆಂದರೆ ಎಂಟು ಒಂಬತ್ತು ಮಂದಿ ಸೇರಿ, ಒಂದೊಂದು ಪಾತ್ರಕ್ಕೆ ಒಬ್ಬೊಬ್ಬನೇ ವಾದಕನಂತೆ ಕುಳಿತು ನುಡಿಸುವರು. ಮುಂದೆ ನಿಂತು ಕೋಲು ಬೀಸುವ ನಾಯಕನಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ ಉತ್ತರ ಕೊಡುವುದೇ ಅದರ ಜೀವಾಳ. ನಮ್ಮ ಕಚೇರಿಗಳಲ್ಲಿ ಗಾಯಕನೂ ಪಿಟೀಲಿನವನೂ ಒಬ್ಬರ ಮುಖವನ್ನೊಬ್ಬರು ನೋಡಿ ಸ್ವರಗಳನ್ನು ಎಸೆದು ಹಿಡಿಯುವ ಸಂತೋಷವನ್ನು ಬಲ್ಲವರಿಗೆ ಈ ಸಂತೋಷವೂ ಅಪರಿಚಿತವಾಗಿ ತೋರಲಾರದು. ಒಂದು ಮುಖ್ಯ ವ್ಯತ್ಯಾಸವುಂಟು: ಇಲ್ಲಿ ಪ್ರತಿಯೊಂದು ಸ್ವರವೂ ಮೊದಲೇ ಬರೆದಿಟ್ಟದ್ದು. ಸಂವಾದವನ್ನು ಹೂಡಿದವನು ರಚನಕಾರ; ಅದು ಆಗಲೇ ಹುಟ್ಟುತ್ತಿದೆಯೆಂಬಂತೆ ನುಡಿಸುವುದು ವಾದಕರ ಕೌಶಲ.

ಪಿಯಾನೋ, ಪಿಟೀಲು, ಚೆಲ್ಲೋ ಇವುಗಳ ಮೇಳ ಹೈಡನ್ನನ ಕಾಲದಲ್ಲಿ ಬಹುಮಟ್ಟಿಗೆ ಗೃಹಸ್ಥರ ವಿನೋದವಾಗಿತ್ತು. ಚೆಲ್ಲೋ ಎಂಬುದು ಪಿಟೀಲಿನ ದೊಡ್ಡಣ್ಣ. ಕುಳಿತುಕೊಂಡು ಮೊಣಕಾಲುಗಳ ನಡುವೆ ನಿಲ್ಲಿಸಿ ನುಡಿಸತಕ್ಕ, ಗಂಭೀರವಾದ ದನಿಯ ವಾದ್ಯ. ಅಂದಿನ ಪಿಯಾನೋ ಇಂದಿನ ಪಿಯಾನೋವಿನಂತೆ ಕಬ್ಬಿಣದ ಚೌಕಟ್ಟಿನ ಬಲವುಳ್ಳದ್ದಲ್ಲ. ಅದರ ಕಟ್ಟು ಮರದ್ದು, ವ್ಯಾಪ್ತಿ ಐದು ಸ್ಥಾಯಿ. ಅದರ ತಗ್ಗಿನ ಸ್ವರಗಳು ಬೇಗನೆ ಅಡಗಿಹೋಗುತ್ತಿದ್ದವು. ಆದ್ದರಿಂದ ಪಿಯಾನೋ ನುಡಿಸುವವನ ಎಡಗೈಯ ಸ್ವರಗಳನ್ನೇ ಚೆಲ್ಲೋ ಜೊತೆಯಲ್ಲಿ ನುಡಿದು ಅವಕ್ಕೆ ಒತ್ತಾಸೆ ಕೊಡುತ್ತಿತ್ತು. ಇಂಥ ಕೃತಿಗಳಿಗೆ "ಪಿಟೀಲು ಮತ್ತು ಚೆಲ್ಲೋಗಳ ಸಹಾಯದೊಡನೆ ನುಡಿಸತಕ್ಕ ಪಿಯಾನೋ ಸೊನಾಟಾ" ಎಂಬ ಅರ್ಥದ ಹೆಸರುಗಳನ್ನೇ ಅಚ್ಚು ಹಾಕುತ್ತಿದ್ದರು. ಮನೆಯ ಹೆಣ್ಣುಮಗಳು ಪಿಯಾನೋ ಮುಂದೆ ಕುಳಿತರೆ ಅಣ್ಣನೋ ನೆಂಟನೋ ಪಿಟೀಲು ಹಿಡಿಯಬಹುದು. ಇನ್ನೊಬ್ಬನು ಚೆಲ್ಲೋವಿನಲ್ಲಿ ಸರಳವಾದ ಸ್ವರಗಳನ್ನು ಎಳೆಯಬಹುದು. ಮೋಜಾರ್ಟನು 1786ರಿಂದ 1788ರವರೆಗೆ ರಚಿಸಿದ ಮೇಳಗಳಲ್ಲಿ ಚೆಲ್ಲೋವಿಗೆ ತಕ್ಕಮಟ್ಟಿನ ಸ್ವಾತಂತ್ರ್ಯ ಬಂದಿತು. ಆದರೂ ಈ ಮೇಳಗಳು ಮೂರು ಭಾಗ, ಕೆಲವು ವೇಳೆ ಎರಡೇ ಭಾಗಗಳ ಮಿತವಾದ ಕೃತಿಗಳಾಗಿಯೇ ಇದ್ದವು.

ಇನ್ನು ಶಿಷ್ಯನ ವಿಷಯ. ಬೀಥೋವನ್ನನು ರೈನ್ ನದಿಯ ದಡದ ಬಾನ್ ನಗರದವನು. 1770ರ ಡಿಸೆಂಬರ್ 17ರಂದು ಅವನಿಗೆ ಅಲ್ಲಿ ನಾಮಕರಣವಾಯಿತು. ಬಾನ್ ಒಬ್ಬ ಧರ್ಮಾಧಿಕಾರಿ ಅರಸನ ರಾಜಧಾನಿ. ಅರಸನಾದ ಮಾಕ್ಸಿಮಿಲಿಯನ್ ಫ್ರಾನ್ಸನು ಆಸ್ಟ್ರಿಯದ ಮಹಾರಾಣಿ ಮರಿಯಾ ತೆರೇಸಳ ಕಿರಿಯ ಮಗ. ಆ ಆಸ್ಥಾನದಲ್ಲಿ ಬೀಥೋವನ್ನನ ತಾತನೂ ತಂದೆಯೂ ಗಾಯಕರಾಗಿದ್ದರು. ಹುಡುಗನೂ ಎಳೆಯ ವಯಸ್ಸಿನಲ್ಲೇ ಅಲ್ಲಿ ಕೆಲಸಕ್ಕೆ ಸೇರಿದನು. 1792ರ ನವೆಂಬರಿನಲ್ಲಿ ಅರಸನ ಖರ್ಚಿನಿಂದ ಅವನು ವಿಯೆನ್ನಾಕ್ಕೆ ಹೊರಟನು. ಮೋಜಾರ್ಟನು ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಹೊರಡುವಾಗ ಸ್ನೇಹಿತರು ಒಂದು ಪುಸ್ತಕದಲ್ಲಿ ಶುಭಾಶಯಗಳನ್ನು ಬರೆದುಕೊಟ್ಟರು. ಅವರಲ್ಲಿ ಕೌಂಟ್ ವಾಲ್ಡ್‌ಸ್ಟೈನನು, ಮೋಜಾರ್ಟನ ಚೈತನ್ಯವು ಹೈಡನ್ನನ ಕೈಯಿಂದ ನಿನಗೆ ದೊರೆಯಲಿ ಎಂಬ ಅರ್ಥದ ಮಾತನ್ನು ಬರೆದನು. ಇದು ಹಾರೈಕೆಯೂ ಹೌದು, ತರುಣನ ತಲೆಯ ಮೇಲೆ ಹೊರಿಸಿದ ಹೊರೆಯೂ ಹೌದು.

ಪಾಠಗಳು ಆರಂಭವಾದವು. ಹೈಡನ್ನನು ಸ್ವರಕ್ಕೆ ಸ್ವರವನ್ನು ಎದುರಿಟ್ಟು ಹೆಣೆಯುವ ಶಾಸ್ತ್ರವನ್ನು ಹಳೆಯ ಪದ್ಧತಿಯಂತೆ ಕಲಿಸಿದನು. ಶಿಷ್ಯನು ಬರೆದ ಅಭ್ಯಾಸಪಾಠಗಳಲ್ಲಿ ಸುಮಾರು 245 ಉಳಿದುಬಂದಿವೆ. ಹೈಡನ್ನನ ಕೈಯ ತಿದ್ದುಪಡಿ ಇರುವುದು ಅವುಗಳಲ್ಲಿ 42ರಲ್ಲಿ ಮಾತ್ರ. ತಿದ್ದಬೇಕಾದ ತಪ್ಪುಗಳು ಇನ್ನೂ ಇದ್ದವು. ಹೈಡನ್ನನಿಗೆ ಆಗ ಅರವತ್ತು ದಾಟಿತ್ತು. ಲಂಡನ್ನಿನ ಎರಡನೆಯ ಯಾತ್ರೆಗೆ ಹೊಸ ಕೃತಿಗಳನ್ನು ಸಿದ್ಧಮಾಡಿಕೊಳ್ಳುವ ಅವಸರ ಬೇರೆ. ಶಿಷ್ಯನಿಗೆ ಇದರಿಂದ ಅಸಮಾಧಾನವಾಗಿದ್ದರೆ ಆಶ್ಚರ್ಯವಲ್ಲ. ಆದರೂ ಪರಸ್ಪರ ಪ್ರೀತಿ ಇರಲಿಲ್ಲವೆನ್ನುವಂತಿಲ್ಲ. ಬೀಥೋವನ್ನನ ಖರ್ಚಿನ ಪುಸ್ತಕದಲ್ಲಿ, ಹೈಡನ್ನನಿಗೂ ತನಗೂ ಕೊಂಡ ಚಾಕೊಲೇಟು ಮತ್ತು ಕಾಫಿಯ ಲೆಕ್ಕವು ಚಿಲ್ಲರೆ ಕಾಸುಗಳಲ್ಲಿ ಬರೆದಿದೆ.

1793ರ ನವೆಂಬರ್ 23ರಂದು ಹೈಡನ್ನನು ಬಾನಿನ ಅರಸನಿಗೆ ಒಂದು ಕಾಗದ ಬರೆದನು. ಅದರೊಡನೆ ಶಿಷ್ಯನ ಕೆಲವು ಕೃತಿಗಳನ್ನು ಅವನ ಪ್ರಗತಿಯ ಗುರುತಾಗಿ ಕಳುಹಿಸಿದನು. ಈ ತರುಣನು ಮುಂದೆ ಯೂರೋಪಿನ ಮಹಾ ಸಂಗೀತಗಾರರಲ್ಲಿ ಒಬ್ಬನಾಗುವನೆಂದೂ, ಅವನ ಗುರುವೆನ್ನಿಸಿಕೊಳ್ಳುವುದು ತನಗೆ ಹೆಮ್ಮೆಯೆಂದೂ ಬರೆದನು. ಅರಸನು ಕೊಡುವ 500 ಫ್ಲೋರಿನ್ ಸಾಲದೆಂದೂ, ತಾನೇ ಅವನಿಗೆ ಸಾಲ ಕೊಡಬೇಕಾಯಿತೆಂದೂ ತಿಳಿಸಿದನು. ಅರಸನಿಂದ ಬಂದ ಉತ್ತರ ತಣ್ಣೀರೆರಚಿದಂತಿತ್ತು. ಕಳುಹಿಸಿದ ಕೃತಿಗಳಲ್ಲಿ ಒಂದರ ಹೊರತು ಉಳಿದುವೆಲ್ಲ ಬಾನಿನಲ್ಲಿಯೇ ರಚಿತವಾದುವು. ಆ ಹುಡುಗನಿಗೆ ಸಲ್ಲುತ್ತಿರುವುದು 500 ಅಲ್ಲ, ಸಂಬಳ ಸೇರಿ 900. ಅವನು ಊರಿಗೆ ಹಿಂದಿರುಗುವುದೇ ಮೇಲಲ್ಲವೆ? ಇದು ಆ ಉತ್ತರದ ಸಾರ. ಶಿಷ್ಯನ ಮಾತನ್ನು ನಂಬಿ ಬರೆದ ಗುರುವಿಗೆ ಇದರಿಂದ ಎಷ್ಟು ಮುಖಭಂಗವಾಗಿರಬೇಕು! ಹೈಡನ್ನನು ಶಿಷ್ಯನ ಮೇಲೆ ಹಗೆ ಸಾಧಿಸಿದನೆನ್ನುವುದಕ್ಕೆ ಗುರುತೇನೂ ಇಲ್ಲ. ಆದರೆ 1794ರ ಜನವರಿಯಲ್ಲಿ ಅವನು ಲಂಡನ್ನಿಗೆ ಹೊರಟಾಗ ಬೀಥೋವನ್ನನು ಜೊತೆಯಲ್ಲಿರಲಿಲ್ಲ. ಪಾಠಗಳು ಆಲ್ಬ್ರೆಕ್ಟ್ಸ್‌ಬರ್ಗರ್ ಎಂಬ ಶಾಸ್ತ್ರಜ್ಞನಲ್ಲಿ ಮುಂದುವರಿದವು. ಗುರುವಿನ ಅಸೂಯೆಯ ಕಥೆಯನ್ನು ಕೇಳುವಾಗ ಈ ಹಿನ್ನೆಲೆಯನ್ನು ಮರೆಯಬಾರದು.

ಅದೇ ವರ್ಷ ಫ್ರೆಂಚ್ ಸೈನ್ಯ ರೈನ್ ಪ್ರಾಂತ್ಯವನ್ನು ಹಿಡಿಯಿತು. ಅರಸನ ಆಸ್ಥಾನ ಚದುರಿತು. ಬಾನಿನಿಂದ ಹಣ ಬರುವುದು ನಿಂತಿತು. ಹಿಂದಿರುಗುವುದಕ್ಕೆ ಆಸ್ಥಾನವೇ ಇಲ್ಲದಾಗ ವಿಯೆನ್ನಾದಲ್ಲಿಯೇ ಜೀವನೋಪಾಯವನ್ನು ಕಂಡುಕೊಳ್ಳಬೇಕಾಯಿತು. ಮೂರು ಮೇಳಗಳ ಪ್ರಕಟನೆಗೆ ಇದು ಹೊರಗಿನ ಕಾರಣ.

ಇದಕ್ಕೆ ಮೊದಲು ಬೀಥೋವನ್ನನು ಏನನ್ನೂ ರಚಿಸಿರಲಿಲ್ಲವೆಂದು ತಿಳಿಯಕೂಡದು. 1783ರಲ್ಲಿಯೇ, ಇನ್ನೂ ಹುಡುಗನಾಗಿದ್ದಾಗ, ಅವನ ಮೂರು ಸೊನಾಟಾಗಳು ಅಚ್ಚಾಗಿದ್ದವು. 1785ರಲ್ಲಿ ಪಿಯಾನೋ ಮತ್ತು ಮೂರು ತಂತಿವಾದ್ಯಗಳಿಗೆ ಮೂರು ಕೃತಿಗಳನ್ನು ಬರೆದಿದ್ದನು. ಅವುಗಳನ್ನು ಪೆಟ್ಟಿಗೆಯಲ್ಲಿಯೇ ಇಟ್ಟನು. ಅವು ಬೆಳಕು ಕಂಡದ್ದು 1828ರಲ್ಲಿ, ಅವನು ಸತ್ತ ಮರುವರ್ಷ. ಇವಾವುವಕ್ಕೂ ಅವನು "ಒಂದನೆಯ ಕೃತಿ" ಎಂಬ ಅಂಕಿತ ಹಾಕಲಿಲ್ಲ. ಆದುದರಿಂದ ಆ ಅಂಕಿತಕ್ಕೆ ಕಾಲಕ್ರಮದ ಅರ್ಥವಿಲ್ಲ. ಇನ್ನು ಮುಂದೆ ಲೋಕವು ನನ್ನನ್ನು ಇದರಿಂದ ಅಳೆಯಲಿ ಎಂದು ಅವನೇ ಗೊತ್ತುಮಾಡಿದ ಆರಂಭ ಅದು.

ಪ್ರಕಟನೆಯ ಏರ್ಪಾಟು ಕುತೂಹಲಕರವಾಗಿದೆ. 1795ರ ಮೇ 19ರಂದು ಬೀಥೋವನ್ನನು ಆರ್ತಾರಿಯಾ ಎಂಬ ಪ್ರಕಾಶಕರೊಡನೆ ಕರಾರು ಮಾಡಿಕೊಂಡನು. ಪ್ರತಿಗಳನ್ನು ಅವರಿಂದ ಒಂದೊಂದು ಫ್ಲೋರಿನ್ನಿಗೆ ಕೊಂಡು, ಮುಂಗಡವಾಗಿ ಹೆಸರು ಕೊಟ್ಟ ಚಂದಾದಾರರಿಗೆ ಒಂದು ಡ್ಯುಕಾಟಿನಂತೆ, ಎಂದರೆ ನಾಲ್ಕೂವರೆ ಫ್ಲೋರಿನ್ನಿನಂತೆ ಮಾರುವುದು. ಚಂದಾದಾರರ ಪಟ್ಟಿಯಲ್ಲಿ 123 ಹೆಸರುಗಳಿವೆ. ಅವರು ಕೊಂಡ ಪ್ರತಿಗಳು ಸುಮಾರು 240. ಪಟ್ಟಿಯನ್ನು ಓದಿದರೆ ಆಸ್ಟ್ರಿಯದ ಶ್ರೀಮಂತ ಮನೆತನಗಳ ಮೆರವಣಿಗೆಯನ್ನು ನೋಡಿದಂತಾಗುತ್ತದೆ. ಊರಿಗೆ ಬಂದು ಮೂರು ವರ್ಷವೂ ತುಂಬದ ತರುಣನು ಅವರೆಲ್ಲರ ಗಮನವನ್ನು ಸೆಳೆದಿದ್ದನು. ಕೃತಿಯನ್ನು ಅರ್ಪಿಸಿರುವುದು ರಾಜಕುಮಾರ ಕಾರ್ಲ್ ಲಿಕ್ನೋವ್‌ಸ್ಕಿಗೆ. ಇವನು ಹಿಂದೆ ಮೋಜಾರ್ಟನ ಶಿಷ್ಯನೂ ಪೋಷಕನೂ ಆಗಿದ್ದವನು. ಬೀಥೋವನ್ನನಿಗೆ ತನ್ನ ಮನೆಯಲ್ಲಿಯೇ ಇರಲು ಸ್ಥಳ ಕೊಟ್ಟವನು.

ರಾಜಾಶ್ರಯದ ಈ ಬಗೆ ಮೈಸೂರಿನವರಿಗೆ ದೂರದ ಮಾತಲ್ಲ. ರಷ್ಯದ ಪಿಯಾನೋ ರಚನಕಾರ ಮೆಡ್ಟ್‌ನರನು ಇಂಗ್ಲೆಂಡಿನಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯ ಮಾಡಿದವರು ಮಹಾರಾಜ ಜಯಚಾಮರಾಜ ಒಡೆಯರು. ಅವನು ತನ್ನ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಅವರಿಗೆ ಅರ್ಪಿಸಿದನು. ಅರ್ಪಣೆಯ ಪುಟದ ಹಿಂದೆ ಎಂಥ ಕೃತಜ್ಞತೆ ಇರಬಹುದೆಂಬುದನ್ನು ಈ ನಿದರ್ಶನದಿಂದ ಊಹಿಸಬಹುದು.

ಇನ್ನು ಆ ಪ್ರಸಿದ್ಧವಾದ ಸಂಜೆ. ಇದನ್ನು ನಮಗೆ ಹೇಳಿದವನು ಫರ್ಡಿನಾಂಡ್ ರೀಸ್, ಬೀಥೋವನ್ನನ ಶಿಷ್ಯ. ಲಿಕ್ನೋವ್‌ಸ್ಕಿಯ ಮನೆಯಲ್ಲಿ ಮೂರು ಮೇಳಗಳನ್ನೂ ನುಡಿಸಿದರಂತೆ. ನಗರದ ಸಂಗೀತಗಾರರೂ ರಸಿಕರೂ ನೆರೆದಿದ್ದರು. ಮುಖ್ಯವಾಗಿ ಹೈಡನ್ನನು ಬಂದಿದ್ದನು. ಎಲ್ಲರ ಕಿವಿಯೂ ಅವನ ಅಭಿಪ್ರಾಯದ ಕಡೆಗೆ. ಅವನು ಅನೇಕ ಒಳ್ಳೆಯ ಮಾತುಗಳನ್ನಾಡಿ, ಮೂರನೆಯದನ್ನು ಮಾತ್ರ ಪ್ರಕಟಿಸಬೇಡವೆಂದು ಬುದ್ಧಿ ಹೇಳಿದನು. ಬೀಥೋವನ್ನನ ಎಣಿಕೆಯಲ್ಲಿ ಮೂರರಲ್ಲಿ ಅತ್ಯುತ್ತಮವಾದುದು ಅದೇ. ಆದ್ದರಿಂದ ಅವನಿಗೆ ಗುರುವಿನ ಮನಸ್ಸಿನಲ್ಲಿ ಅಸೂಯೆಯಿದೆಯೆಂಬ ಸಂಶಯ ಹುಟ್ಟಿತು. ರೀಸನಿಗೆ ಈ ಮಾತನ್ನು ನಂಬುವುದು ಕಷ್ಟವಾಯಿತು. ಅವನು ಹೈಡನ್ನನನ್ನೇ ಕೇಳಿದನು. ಹೌದು, ಹಾಗೆ ಹೇಳಿದ್ದು ನಿಜ; ಸಾರ್ವಜನಿಕರು ಈ ಕೃತಿಯನ್ನು ಇಷ್ಟು ಬೇಗ, ಇಷ್ಟು ಸುಲಭವಾಗಿ ತಿಳಿದುಕೊಂಡು ಮೆಚ್ಚುವರೆಂದು ನಾನು ನಂಬಿರಲಿಲ್ಲ, ಎಂದು ಮುದುಕನು ಉತ್ತರಕೊಟ್ಟನಂತೆ.

ಇಲ್ಲಿ ಪಂಚಾಂಗವನ್ನು ಸ್ವಲ್ಪ ತೆರೆದು ನೋಡಬೇಕು. ರೀಸನು ಹುಟ್ಟಿದ್ದು 1784ರಲ್ಲಿ. ಆ ಸಂಜೆ ಅವನು ಬಾನಿನಲ್ಲಿದ್ದ ಹುಡುಗ; ವಿಯೆನ್ನಾಕ್ಕೆ ಬಂದದ್ದು ಹಲವು ವರ್ಷಗಳ ಮೇಲೆ. ಅವನ ನೆನಪುಗಳು ಅಚ್ಚಾದದ್ದು 1838ರಲ್ಲಿ; ಆಗ ಗುರುಶಿಷ್ಯರಿಬ್ಬರೂ ಇರಲಿಲ್ಲ, ರೀಸನೂ ಅದೇ ವರ್ಷ ತೀರಿಕೊಂಡನು. ಇದಕ್ಕಿಂತ ದೊಡ್ಡ ತೊಡಕೊಂದುಂಟು. ಹೈಡನ್ನನು 1794ರ ಜನವರಿಯಿಂದ 1795ರ ಬೇಸಗೆಯ ಕೊನೆಯವರೆಗೂ ಇಂಗ್ಲೆಂಡಿನಲ್ಲಿದ್ದನು. ಅವನು ಹಿಂದಿರುಗುವ ವೇಳೆಗೆ ಮೇಳಗಳು ಚಂದಾದಾರರ ಕೈ ಸೇರಿದ್ದವು. ಸಂಜೆಯ ಕೂಟ 1794ಕ್ಕೆ ಮೊದಲು ನಡೆಯಿತೆಂದರೆ, ಎರಡನೆಯ ಮತ್ತು ಮೂರನೆಯ ಮೇಳಗಳ ಕರಡುಗಳು ಅದರ ಅನಂತರದ ಹಾಳೆಗಳಲ್ಲಿ ಸಿಕ್ಕುತ್ತವೆಂದು ಹಸ್ತಪ್ರತಿಗಳನ್ನು ಪರಿಶೋಧಿಸಿದವರು ಹೇಳುತ್ತಾರೆ. ಹೈಡನ್ನನು ಹಿಂದಿರುಗಿದ ಮೇಲೆ ನಡೆಯಿತೆಂದರೆ, ಅಚ್ಚಾಗಿ ಮಾರಾಟವಾದ ಕೃತಿಯನ್ನು ಅಚ್ಚು ಹಾಕಿಸಬೇಡವೆನ್ನುವುದು ಹೇಗೆ?

ಹಾಗಾದರೆ ಕಥೆಯೆಲ್ಲ ಸುಳ್ಳೆ? ನನಗೆ ಹಾಗೆ ತೋರುವುದಿಲ್ಲ. "ಇದನ್ನು ಪ್ರಕಟಿಸದಿದ್ದರೆ ಚೆನ್ನಾಗಿತ್ತು" ಎಂಬ ಮಾತು ನಲವತ್ತು ವರ್ಷ ಬಾಯಿಂದ ಬಾಯಿಗೆ ಬರುವಾಗ "ಪ್ರಕಟಿಸಬೇಡ" ಎಂದಾಗುವುದು ಬಹು ಸುಲಭ. ಹೈಡನ್ನನು ಇಂಗ್ಲೆಂಡಿನಿಂದ ಬಂದ ಮೇಲೆ ಮೇಳಗಳನ್ನು ಕೇಳಿ ಇಂಥದೊಂದು ಮಾತನ್ನಾಡಿರಬಹುದು. ಅವನ ಉತ್ತರದಲ್ಲಿಯೂ "ಇಷ್ಟು ಬೇಗ ಮೆಚ್ಚುವರೆಂದು ನಂಬಿರಲಿಲ್ಲ" ಎಂಬ ಮಾತೇ ಇದೆಯಲ್ಲದೆ ಕೃತಿ ಕೆಟ್ಟದೆಂಬ ಮಾತಿಲ್ಲ. ಕಥೆಯ ದಿನಾಂಕ ಅಲುಗಾಡಿದರೂ ಪ್ರಶ್ನೆ ಅಲುಗಾಡುವುದಿಲ್ಲ: ಆ ಮೂರನೆಯ ಮೇಳದಲ್ಲಿ ಹೈಡನ್ನನು ಹೆದರಬೇಕಾದದ್ದು ಏನಿತ್ತು?

ಮೊದಲಿನ ಎರಡು ಮೇಳಗಳೂ ಹಳೆಯ ಅಳತೆಯನ್ನು ಮೀರಿದುವೇ. ಮೂರೂ ಮೇಳಗಳಿಗೆ ಸಿಂಫನಿಯಂತೆ ನಾಲ್ಕು ನಾಲ್ಕು ಭಾಗಗಳಿವೆ. ಮೊದಲನೆಯದು ಇ ಫ್ಲಾಟ್ ಮೇಜರ್ ಶ್ರುತಿಯಲ್ಲಿ, ಪಿಯಾನೋ ಮೇಲಕ್ಕೆ ನೆಗೆದೇರುವ ಸ್ವರಗಳಿಂದ ಲವಲವಿಕೆಯಾಗಿ ಆರಂಭವಾಗುತ್ತದೆ. ಎರಡನೆಯದು ಜಿ ಮೇಜರ್ ಶ್ರುತಿಯದು; ಅದರ ವಿಳಂಬ ಭಾಗದ ಗಾಂಭೀರ್ಯ ಇಪ್ಪತ್ತನಾಲ್ಕರ ಹುಡುಗನಿಂದ ಬಂದದ್ದೆಂದು ನಂಬುವುದು ಕಷ್ಟ. ಇಷ್ಟಾದರೂ ಎರಡೂ ಪ್ರಸನ್ನವಾದ ಕೃತಿಗಳು. ಔತಣವಾದ ಮೇಲೆ ದೀಪದ ಬೆಳಕಿನಲ್ಲಿ ಕೇಳಿ ಸಂತೋಷಪಡತಕ್ಕವು.

ಮೂರನೆಯದು ಸಿ ಮೈನರ್. ಪಾಶ್ಚಾತ್ಯರ ಮೇಜರ್ ಮೇಳವೆಂದರೆ ಸ್ವರಸ್ಥಾನಗಳ ಮಟ್ಟಿಗೆ ನಮ್ಮ ಶಂಕರಾಭರಣ. ಅವರ ಮೈನರಿನ ಒಂದು ಮುಖ್ಯ ರೂಪ ನಮ್ಮ ಕೀರವಾಣಿ. ಗಮಕವಿಲ್ಲದ, ಸ್ವರಮೇಳದ ಕಟ್ಟಿನಲ್ಲಿ ನಿಂತ ಸ್ವರಗಳಾದುದರಿಂದ ರಾಗಭಾವ ಒಂದೇ ಎನ್ನುವಂತಿಲ್ಲ. ಆದರೂ ಶಂಕರಾಭರಣದಿಂದ ಕೀರವಾಣಿಗೆ ಬಂದಾಗ ಗಾಂಧಾರವೂ ಧೈವತವೂ ತಗ್ಗಿ, ಕೇಳುವವನ ಮನಸ್ಸಿಗೆ ಒಂದು ನೆರಳು ಕವಿಯುವುದನ್ನು ಬಲ್ಲವರು ಈ ಭೇದವನ್ನು ಸುಲಭವಾಗಿ ಗ್ರಹಿಸಬಲ್ಲರು.

ಮೊದಲನೆಯ ಭಾಗದ ಆರಂಭವನ್ನೇ ಕೇಳಿ. ಮೂರು ವಾದ್ಯಗಳೂ ಯಾವ ಅಲಂಕಾರವೂ ಇಲ್ಲದೆ, ಮೆಲುದನಿಯಲ್ಲಿ, ಒಂದೇ ಸ್ವರಪಂಕ್ತಿಯನ್ನು ಒಟ್ಟಿಗೆ ನುಡಿಯುತ್ತವೆ. ಜೊತೆಗೆ ಸ್ವರಮೇಳವಿಲ್ಲ, ತಾಳವನ್ನು ಎತ್ತಿ ತೋರಿಸುವ ಹಿನ್ನೆಲೆಯಿಲ್ಲ. ಮೂವರು ಒಂದು ರಹಸ್ಯವನ್ನು ಒಟ್ಟಿಗೆ ಪಿಸುಗುಟ್ಟಿದಂತಿರುತ್ತದೆ. ಮಾತು ಪೂರ್ತಿಯಾಗುವ ಮುನ್ನ ತಡೆದು ನಿಲ್ಲುತ್ತದೆ. ಅನಂತರ ಹಠಾತ್ತಾಗಿ ವೇಗ ಬರುತ್ತದೆ. ಬಲವಾದ ಒತ್ತುಗಳು ಬೀಳುತ್ತವೆ. ಮೆಲುದನಿಗೂ ಗಟ್ಟಿದನಿಗೂ ನಡುವೆ ಸೇತುವೆಯೇ ಇರುವುದಿಲ್ಲ. ಎರಡನೆಯ ವಿಷಯವು ಮೇಜರಿನಲ್ಲಿ ಬಂದು ಸ್ವಲ್ಪ ಸಾಂತ್ವನ ಕೊಟ್ಟರೂ ಅದು ನಿಲ್ಲತಕ್ಕ ನೆಲೆಯಲ್ಲವೆಂಬುದು ಕೂಡಲೇ ಗೊತ್ತಾಗುತ್ತದೆ. ಈ ಸಂಗೀತವು ಕೇಳುವವನನ್ನು ಮಾತುಕತೆಗೆ ಬಿಡುವುದಿಲ್ಲ; ಕಾಫಿಯ ಬಟ್ಟಲನ್ನು ಕೆಳಗಿಟ್ಟು ಕುಳಿತುಕೊಳ್ಳಬೇಕಾಗುತ್ತದೆ.

ಎರಡನೆಯ ಭಾಗ ಒಂದು ಸರಳವಾದ ಹಾಡು ಮತ್ತು ಅದರ ಐದು ರೂಪಾಂತರಗಳು. ನಮ್ಮ ವಿದ್ವಾಂಸರು ಒಂದು ಪಲ್ಲವಿಯ ಸಾಲಿಗೆ ಸಂಗತಿಯ ಮೇಲೆ ಸಂಗತಿಯನ್ನು ಹಾಕುವ ಕ್ರಮವನ್ನು ನೆನೆದರೆ ಇದರ ತತ್ತ್ವ ತಿಳಿಯುತ್ತದೆ. ಶ್ರುತಿ ಇ ಫ್ಲಾಟ್ ಮೇಜರಿಗೆ ತಿರುಗಿರುವುದರಿಂದ ಮೊದಲ ಭಾಗದ ಬಿರುಗಾಳಿ ಅಡಗಿರುತ್ತದೆ. ಆದರೆ ನಾಲ್ಕನೆಯ ರೂಪಾಂತರವು ಮತ್ತೆ ಮೈನರಿಗೆ ಇಳಿದು, ಆ ಶಾಂತಿಯ ಅಡಿಯಲ್ಲಿ ಏನಿದೆಯೆಂಬುದನ್ನು ಜ್ಞಾಪಿಸುತ್ತದೆ. ಮೂರನೆಯ ಭಾಗಕ್ಕೆ ಹೆಸರು ಮಿನುಯೆಟ್, ಎಂದರೆ ಶ್ರೀಮಂತರ ದಿವಾನಖಾನೆಯ ನೃತ್ಯ. ಇಲ್ಲಿ ಅದರ ನಡಿಗೆ ತ್ವರಿತವಾಗಿದೆ, ಕಳವಳಗೊಂಡಿದೆ. ಕುಣಿಯಬೇಕೆಂದು ಹೊರಟವನಿಗೆ ಹೆಜ್ಜೆ ಹೊಂದುವುದು ಕಷ್ಟ. ನಡುವೆ ಮೇಜರಿನಲ್ಲಿ ಬರುವ ಭಾಗದಲ್ಲಿ ಚೆಲ್ಲೋ ಹಾಡುತ್ತದೆ. ಹಿಂದೆ ಎಡಗೈಯ ನೆರಳಾಗಿದ್ದ ವಾದ್ಯವು ಇಲ್ಲಿ ಸ್ವಂತ ದನಿಯಿಂದ ಮಾತನಾಡುವುದನ್ನು ಕೇಳಿದರೆ, ಈ ಕೃತಿಯಿಂದ ಆ ಮೇಳದ ಇತಿಹಾಸದಲ್ಲಿ ಆದ ಮಾರ್ಪಾಟು ಕಿವಿಗೇ ತಿಳಿಯುತ್ತದೆ.

ಕಡೆಯ ಭಾಗಕ್ಕೆ ರಚನಕಾರನು ಕೊಟ್ಟಿರುವ ಸೂಚನೆ "ಪ್ರೆಸ್ಟಿಸ್ಸಿಮೊ", ಸಾಧ್ಯವಾದಷ್ಟು ವೇಗವಾಗಿ. ಸಿಡಿಲು ಬಡಿದಂತೆ ಅದು ತೊಡಗುತ್ತದೆ; ಮರುಗಳಿಗೆ ಮೆಲುದನಿಯ ಆತಂಕ. ಹೀಗೆ ಹೋರಾಡಿ ಬಂದ ಕೃತಿಯು ಕೊನೆಯಲ್ಲಿ ಭಾರಿ ಘೋಷದಿಂದ ಮುಗಿಯುವುದೆಂದು ನಾವು ಎದುರುನೋಡುತ್ತಿರುವಾಗ ಎಲ್ಲವೂ ತಗ್ಗುತ್ತದೆ. ಮೈನರು ಮೇಜರಿಗೆ ತಿರುಗುತ್ತದೆ. ಪಿಯಾನೋ ಹಗುರವಾಗಿ ಸ್ವರಶ್ರೇಣಿಗಳ ಮೇಲೆ ಓಡಿ, ಕೃತಿಯು ಬಹು ಮೆಲ್ಲಗೆ ಅಡಗಿಹೋಗುತ್ತದೆ. ಇದು ಗೆಲುವೋ ಬಳಲಿಕೆಯೋ ಹೇಳುವುದು ಸುಲಭವಲ್ಲ. ಚಪ್ಪಾಳೆಗೆ ಎಡೆಯೆಲ್ಲಿ ಎಂದು ಅಂದಿನ ಸಭಿಕರು ಒಂದು ಕ್ಷಣ ತಬ್ಬಿಬ್ಬಾಗಿರಬೇಕು.

ಈಗ ಹೈಡನ್ನನ ಸ್ಥಾನದಲ್ಲಿ ನಿಂತು ನೋಡೋಣ. ಅವನು ಬಿರುಗಾಳಿಗೆ ಹೆದರುವವನಲ್ಲ. 1770ರ ಆಚೀಚೆ ಅವನೇ ಮೈನರಿನಲ್ಲಿ ಉಗ್ರವಾದ ಸಿಂಫನಿಗಳನ್ನೂ, ಇದೇ ಸಿ ಮೈನರಿನಲ್ಲಿ ಒಂದು ಪಿಯಾನೋ ಸೊನಾಟಾವನ್ನೂ ರಚಿಸಿದ್ದನು. ಆದುದರಿಂದ ಅವನಿಗೆ ಈ ಭಾಷೆ ತಿಳಿಯಲಿಲ್ಲವೆನ್ನುವುದು ಸಲ್ಲದು. ಆದರೆ ಅವನು ಸುಮಾರು ಮೂವತ್ತು ವರ್ಷ ಎಸ್ಟರ್ಹಾಜಿ ಅರಸುಮನೆತನದ ಸೇವೆ ಮಾಡಿದವನು; ಲಂಡನ್ನಿನಲ್ಲಿ ಟಿಕೇಟು ಕೊಂಡು ಬರುವ ಸಭಿಕರನ್ನೂ ಮೆಚ್ಚಿಸಿದವನು. ಯಾವ ಸರಕನ್ನು ಯಾರು ಕೊಳ್ಳುವರೆಂಬುದನ್ನು ಅವನಷ್ಟು ಬಲ್ಲವರು ವಿರಳ. ಅದೇ 1795ರಲ್ಲಿ ಅವನೂ ಪಿಯಾನೋ ಮೇಳಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಜಿಪ್ಸಿ ಧಾಟಿಯ ಅಂತ್ಯಭಾಗವುಳ್ಳ ಜಿ ಮೇಜರ್ ಮೇಳ ಇಂದಿಗೂ ಜನಪ್ರಿಯವಾಗಿದೆ. ಅದು ಹಳೆಯ ಮೂರು ಭಾಗಗಳ ಕಟ್ಟು. ಚೆಲ್ಲೋ ಬಹುಮಟ್ಟಿಗೆ ಎಡಗೈಯ ಜೊತೆಗಾರ. ಹೀಗೆ ಗೃಹಸ್ಥರ ವಿನೋದಕ್ಕೆಂದು ಏರ್ಪಟ್ಟ ಮೇಳದಲ್ಲಿ ಶಿಷ್ಯನು ದುರಂತನಾಟಕವನ್ನು ಹೂಡಿದ್ದನ್ನು ಕಂಡು, ಅದು ಅವನ "ಒಂದನೆಯ ಕೃತಿ"ಯೂ ಆಗಿರುವಲ್ಲಿ, ಗುರುವು "ಬೇಡ" ಎಂದಿದ್ದರೆ ಅದು ಅನುಭವಸ್ಥನ ಎಚ್ಚರಿಕೆ. ಅಸೂಯೆಯೆಂಬ ಊಹೆಯಿಲ್ಲದೆಯೇ ಅದಕ್ಕೆ ಸಾಕಾದ ಕಾರಣ ದೊರೆಯುತ್ತದೆ.

ಆ ಎಚ್ಚರಿಕೆ ತಪ್ಪಾಯಿತೆಂಬುದೂ ನಿಜ. ಹೈಡನ್ನನೇ ಅದನ್ನು ಒಪ್ಪಿಕೊಂಡನು. ಆದರೆ ಅವನು ತಪ್ಪಿದ್ದು ಸಂಗೀತವನ್ನು ಅಳೆಯುವುದರಲ್ಲಿ ಅಲ್ಲ. ಕೇಳುವ ಜನವನ್ನು ಅಳೆಯುವುದರಲ್ಲಿ. ಆ ಜನವು ಬದಲಾಗಿತ್ತು. ಫ್ರಾನ್ಸಿನ ಕ್ರಾಂತಿಯ ಸುದ್ದಿಯನ್ನು ದಿನದಿನವೂ ಕೇಳಿ, ಯುದ್ಧದ ಹೊಗೆಯನ್ನು ದೂರದಿಂದ ನೋಡಿದ್ದ ಅವರ ಮನಸ್ಸಿಗೆ ಇಂಥ ಸಂಗೀತ ಸುಲಭವಾಗಿ ತಾಕಿತು. ಬೀಥೋವನ್ನನು ತಪ್ಪಿದ್ದು ಗುರುವಿನ ಮನಸ್ಸನ್ನು ಅಳೆಯುವುದರಲ್ಲಿ. ತನ್ನನ್ನು ಹೊಗಳಿ ಅರಸನಿಗೆ ಕಾಗದ ಬರೆದು ಮುಖಭಂಗವನ್ನು ನುಂಗಿದವನಲ್ಲಿ ಅಸೂಯೆಯನ್ನು ಕಂಡದ್ದು ತರುಣನ ದುಡುಕು. ಕಿರಿಯನು ಜನರನ್ನು ಸರಿಯಾಗಿ ಅರಿತನು, ಗುರುವನ್ನು ಅರಿಯಲಿಲ್ಲ. ಹಿರಿಯನು ಶಿಷ್ಯನ ಶಕ್ತಿಯನ್ನು ಅರಿತನು, ಅವನ ಕಾಲವನ್ನು ಅರಿಯಲಿಲ್ಲ.

ಮನಸ್ತಾಪ ಒಂದೇ ದಿನದಲ್ಲಿ ಕರಗಲಿಲ್ಲ. 1796ರಲ್ಲಿ ಪ್ರಕಟವಾದ ತನ್ನ ಎರಡನೆಯ ಕೃತಿಯಾದ ಮೂರು ಪಿಯಾನೋ ಸೊನಾಟಾಗಳನ್ನು ಬೀಥೋವನ್ನನು ಹೈಡನ್ನನಿಗೆ ಅರ್ಪಿಸಿದನು. ಆದರೆ ಮುಖಪುಟದಲ್ಲಿ "ಹೈಡನ್ನನ ಶಿಷ್ಯ" ಎಂದು ಹಾಕಬೇಕೆಂಬ ಗುರುವಿನ ಅಪೇಕ್ಷೆಯನ್ನು ನಡೆಸಲಿಲ್ಲವೆಂದು ರೀಸನೇ ಹೇಳುತ್ತಾನೆ. ಪಾಠ ಹೇಳಿಸಿಕೊಂಡದ್ದುಂಟು, ಕಲಿತದ್ದೇನೂ ಇಲ್ಲವೆಂಬ ಕಟುವಾದ ಮಾತೂ ಅವನ ಬಾಯಿಂದ ಬಂದಿತಂತೆ. ಆದರೂ ಒಂದು ಸಣ್ಣ ವಿಷಯದಿಂದ ಬೆಳೆಬೆಳೆದು ದೊಡ್ಡ ಕಟ್ಟಡವಾಗುವ ಕ್ರಮ, ಮೌನವನ್ನು ಮಾತಿನಂತೆ ಬಳಸುವ ಜಾಣತನ, ಕೇಳುವವನ ನಿರೀಕ್ಷೆಯನ್ನು ಕಟ್ಟಿ ಮುರಿಯುವ ವಿನೋದ ಇವೆಲ್ಲ ಹೈಡನ್ನನ ಸೊತ್ತು. ಶಿಷ್ಯನ ಪುಟಪುಟದಲ್ಲಿಯೂ ಅವು ಕಾಣುತ್ತವೆ. ಅಭ್ಯಾಸಪಾಠದ ಹಾಳೆಗಳಿಗಿಂತ ಹೆಚ್ಚನ್ನು ಅವನು ಗುರುವಿನ ಕೃತಿಗಳಿಂದಲೇ ಕಲಿತನು.

1808ರ ಮಾರ್ಚ್ 27ರಂದು, ಹೈಡನ್ನನ ಎಪ್ಪತ್ತಾರನೆಯ ಹುಟ್ಟುಹಬ್ಬದ ನಿಮಿತ್ತ, ವಿಯೆನ್ನಾ ವಿಶ್ವವಿದ್ಯಾನಿಲಯದ ಸಭಾಭವನದಲ್ಲಿ ಅವನ "ಸೃಷ್ಟಿ" ಎಂಬ ಮಹಾಕೃತಿಯನ್ನು ಹಾಡಿದರು. ಜೀರ್ಣನಾಗಿದ್ದ ಮುದುಕನನ್ನು ಕುರ್ಚಿಯ ಮೇಲೆ ಹೊತ್ತು ತಂದರು. ನೆರೆದ ಸಭೆಯ ಮುಂದೆ ಬೀಥೋವನ್ನನು ಮಂಡಿಯೂರಿ ಗುರುವಿನ ಕೈಯನ್ನೂ ಹಣೆಯನ್ನೂ ಮುತ್ತಿಟ್ಟನೆಂದು ಅಂದಿನವರು ಹೇಳಿದ್ದಾರೆ. ಆ ವೇಳೆಗೆ ಅವನೇ ಸಿ ಮೈನರಿನಲ್ಲಿ ಐದನೆಯ ಸಿಂಫನಿಯನ್ನು ಬರೆದು ಮುಗಿಸಿದ್ದನು. ಅದರ ಪ್ರಥಮ ಪ್ರದರ್ಶನ ಆ ವರ್ಷದ ಡಿಸೆಂಬರಿನಲ್ಲಿ ನಡೆಯಿತು. ಒಂದನೆಯ ಕೃತಿಯ ಮೂರನೆಯ ಮೇಳದಲ್ಲಿ ಬಿತ್ತಿದ ಬೀಜ ಮರವಾದದ್ದನ್ನು ಆ ಸಿಂಫನಿಯಲ್ಲಿ ಕಾಣಬಹುದು.

ಆ ಮೇಳವನ್ನು ರಚನಕಾರನು ಕೊನೆಯವರೆಗೂ ಮರೆಯಲಿಲ್ಲ. 1817ರಲ್ಲಿ ಯಾರೋ ಒಬ್ಬನು ಅದನ್ನು ಐದು ತಂತಿವಾದ್ಯಗಳಿಗೆ ಹೊಂದಿಸಿ ತಂದುಕೊಟ್ಟನು. ಬೀಥೋವನ್ನನಿಗೆ ಅದು ಹಿಡಿಸಲಿಲ್ಲ. ತಾನೇ ಕುಳಿತು ಪೂರ್ತಿಯಾಗಿ ತಿದ್ದಿದನು. ಮೂರೇ ದನಿಯ ಬಡ ಪಂಚವಾದ್ಯವನ್ನು ನಿಜವಾದ ಐದು ದನಿಗಳ ಪದವಿಗೆ ಏರಿಸಿದ್ದಾಗಿದೆ, ಹಳೆಯದನ್ನು ಪಾತಾಳದ ದೇವತೆಗಳಿಗೆ ಆಹುತಿ ಕೊಟ್ಟಿದೆ, ಎಂಬ ಧಾಟಿಯಲ್ಲಿ ಹಸ್ತಪ್ರತಿಯ ಮೇಲೆ ಒಂದು ಹಾಸ್ಯದ ಶೀರ್ಷಿಕೆಯನ್ನೂ ಬರೆದನು. ಇದು 104ನೆಯ ಕೃತಿಯಾಗಿ 1819ರಲ್ಲಿ ಹೊರಬಂದಿತು. ಅಷ್ಟರಲ್ಲಿ ಅವನ ಕಿವಿ ಬಹುಮಟ್ಟಿಗೆ ಕೆಟ್ಟಿತ್ತು. ಇಪ್ಪತ್ತೆರಡು ವರ್ಷಗಳ ಹಿಂದಿನ ಸಂಗೀತವನ್ನು ಅವನು ಮನಸ್ಸಿನಲ್ಲಿಯೇ ಮತ್ತೆ ಕೇಳಿ ತಿದ್ದಿದನು.

ಈ ಮೇಳಗಳ ಧ್ವನಿಮುದ್ರಣಗಳು ಹೇರಳವಾಗಿವೆ. ಆಸಕ್ತಿಯುಳ್ಳವರಿಗೆ ದೊರೆಯುವುದು ಕಷ್ಟವಲ್ಲ. ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದವರು ಮೊದಲು ಜಿ ಮೇಜರ್ ಮೇಳವನ್ನು ಕೇಳಿ, ಅದರ ಪ್ರಸನ್ನತೆಗೆ ಕಿವಿಯನ್ನು ಹೊಂದಿಸಿಕೊಂಡು, ಅನಂತರ ಸಿ ಮೈನರ್ ಮೇಳಕ್ಕೆ ಬರುವುದು ಒಳ್ಳೆಯದು. ಹೈಡನ್ನನು ಆ ಸಂಜೆ ಕೇಳಿದ ಕ್ರಮವೂ ಹೆಚ್ಚುಕಡಿಮೆ ಅದೇ ಆಗಿರಬೇಕು. ಮೂರು ವಾದ್ಯಗಳು ಮೆಲುದನಿಯಲ್ಲಿ ಒಂದಾಗಿ ನುಡಿಯುವ ಆ ಮೊದಲ ಸಾಲನ್ನೂ, ಚೆಲ್ಲೋ ಹಾಡುವ ಮೂರನೆಯ ಭಾಗದ ನಡುವನ್ನೂ, ಸದ್ದಿಲ್ಲದೆ ಅಡಗುವ ಕೊನೆಯನ್ನೂ ಗಮನವಿಟ್ಟು ಕೇಳಿರಿ. ಪ್ರಕಟಿಸಬಾರದೆಂದ ಗುರುವಿಗೂ, ಪ್ರಕಟಿಸಿಯೇ ತೀರಿದ ಶಿಷ್ಯನಿಗೂ ಅವರವರ ನ್ಯಾಯವನ್ನು ಸಲ್ಲಿಸಲು ಶ್ರೋತೃಗಳಿಗೆ ಆಗ ಸಾಧ್ಯವಾಗುವುದೆಂದು ನಂಬುತ್ತೇನೆ.